ಬೆಲೆ ಹೇಳುವ ಮೊದಲೇ ಕಟ್ಟಿದ ದುಡ್ಡು

ಸಕಲೇಶಪುರದ ಕಡೆ ಕಾಫಿ ಬೆಳೆದವರಿಗೆ ಬೆಲೆ ಗೊತ್ತಿಲ್ಲದ ವ್ಯಾಪಾರ ಹೊಸದೇನಲ್ಲ. 1990ರ ದಶಕದ ಆರಂಭದವರೆಗೂ ಬೆಳೆದ ಕಾಫಿಯನ್ನೆಲ್ಲ ಕಾಫಿ ಬೋರ್ಡಿನ ಪೂಲ್‌ಗೆ ಒಪ್ಪಿಸಬೇಕಿತ್ತು. ಮನೆ ಖರ್ಚಿಗೆ, ಬಿತ್ತನೆ ಬೀಜಕ್ಕೆ ಎಂದು ಒಂದಿಷ್ಟು ಇಟ್ಟುಕೊಂಡರೆ ಉಳಿದದ್ದೆಲ್ಲ ಕ್ಯೂರಿಂಗ್ ವರ್ಕ್ಸ್‌ಗೆ. ಅಲ್ಲಿ ತೂಕ, ಗ್ರೇಡು ನೋಡಿ ಪಾಯಿಂಟ್ ಲೆಕ್ಕದಲ್ಲಿ ಬರೆದುಕೊಳ್ಳುತ್ತಿದ್ದರು. ಒಂದು ಪಾಯಿಂಟಿಗೆ ಎಷ್ಟು ದುಡ್ಡು ಎನ್ನುವುದು ಬೋರ್ಡಿನವರು ಹರಾಜು ಹಾಕಿ, ಖರ್ಚು ಕಳೆದ ಮೇಲೆ ತೀರ್ಮಾನವಾಗುತ್ತಿತ್ತು. ಹಣ ಕಂತುಕಂತಾಗಿ ಬರುತ್ತಿತ್ತು. ಒಂದು ಬೆಳೆಯ ಕೊನೆಯ ಕಂತು ಕೈಸೇರುವ ಹೊತ್ತಿಗೆ ಅದರ ಮುಂದಿನ ಬೆಳೆಯೂ ಪೂಲ್ ಸೇರಿರುತ್ತಿತ್ತು.

ನಮ್ಮಪ್ಪ ತೋಟ ನಡೆಸಿದ್ದು ಈ ಪದ್ಧತಿಯಲ್ಲೇ. ಹಾಗಾಗಿ 1985ರಲ್ಲಿ ಅವರು ಬೆಂಗಳೂರಿಗೆ ಹೋಗಿ, ಎಷ್ಟಾಗುತ್ತದೆಂದು ಯಾರೂ ಹೇಳದ ಕಾರಿಗೆ ಮುಂಗಡ ಕಟ್ಟಿ ಬಂದಾಗ ಮನೆಯಲ್ಲಿ ಯಾರೂ ಹುಬ್ಬೇರಿಸಲಿಲ್ಲ. ಮಾರುವಾಗಲೂ ರೇಟು ಆಮೇಲೆ, ಕೊಳ್ಳುವಾಗಲೂ ರೇಟು ಆಮೇಲೆ. ಅದು ಲೋಕದ ರೀತಿ ಎಂದೇ ನಾವೆಲ್ಲ ತಿಳಿದಿದ್ದೆವು.

ದೊಡ್ಡ ಕಾರು ಎಂದರೆ ಆಗ ಬಾಯಲ್ಲಿ ಓಡಾಡುತ್ತಿದ್ದದ್ದು ಮೂರು ಹೆಸರು. ಅಂಬಾಸಿಡರ್ ಮಾಡುತ್ತಿದ್ದ ಹಿಂದೂಸ್ತಾನ್ ಮೋಟಾರ್ಸ್‌ನವರು 1984ರಲ್ಲಿ ತಂದ ಕಾಂಟೆಸಾ, ಮದರಾಸಿನ ಸ್ಟ್ಯಾಂಡರ್ಡ್ ಕಂಪನಿಯ ಸ್ಟ್ಯಾಂಡರ್ಡ್ 2000, ಫಿಯೆಟ್ ಮಾಡುತ್ತಿದ್ದ ಪ್ರೀಮಿಯರ್‌ನವರ 118 ಎನ್‌ಇ. ಮೂರೂ ಹೊರದೇಶದಲ್ಲಿ ಓಡಿ ಹಳತಾಗಿದ್ದ ಮಾದರಿಗಳಿಂದ ಹುಟ್ಟಿದವು. ಕಾಂಟೆಸಾದ ಮೂಲ ಬ್ರಿಟನ್ನಿನ ವಾಕ್ಸ್‌ಹಾಲ್. 118 ಎನ್‌ಇ ಎಂದರೆ ಫಿಯೆಟ್ 124ರ ದೇಹಕ್ಕೆ ನಿಸ್ಸಾನ್ ಎಂಜಿನ್ ಕೂರಿಸಿದ್ದು. ಸ್ಟ್ಯಾಂಡರ್ಡ್ 2000ಕ್ಕೆ ರೋವರ್‌ನ ಚೆಂದದ ದೇಹವಿತ್ತು, ಒಳಗಿದ್ದದ್ದು ಮಾತ್ರ ಹಳೆಯ ಕಾಲದ ವ್ಯಾನ್‌ಗಾರ್ಡ್ ಎಂಜಿನ್. ಅದು ಕೆಲವೇ ವರ್ಷಗಳಲ್ಲಿ ನಿಂತುಹೋಯಿತು. ಇವನ್ನು ಇವತ್ತಿನ ಕಣ್ಣಿನಿಂದ ನೋಡಿ ನಗಬಾರದು. ಅಂಬಾಸಿಡರ್, ಫಿಯೆಟ್ ಬಿಟ್ಟರೆ ಜೀಪು, ಇಷ್ಟನ್ನೇ ಕಂಡಿದ್ದ ಮಲೆನಾಡಿಗೆ ಈ ಕಾರುಗಳು ನಿಜವಾಗಿಯೂ ಐಷಾರಾಮಿಯಾಗಿದ್ದವು.

ಅಪ್ಪ ಸಹಿ ಹಾಕಿದ ಬುಕಿಂಗ್ ಫಾರಂನ ಕಾರ್ಬನ್ ಪ್ರತಿ ತೋಟದ ಲೆಡ್ಜರುಗಳ ಜೊತೆ ಉಳಿದುಕೊಂಡಿದೆ. ನಾನು ಮುಂದೆ ಲೆಕ್ಕಪರಿಶೋಧನೆಯನ್ನೇ ವೃತ್ತಿಯಾಗಿ ಹಿಡಿದವಳು. ಕಾಗದ ಓದುವುದು ನನ್ನ ಕೆಲಸ. ಆ ಫಾರಂನಲ್ಲಿ ಬೆಲೆಯ ಜಾಗದಲ್ಲಿ ಅಂಕಿ ಇಲ್ಲ. ಡೆಲಿವರಿ ಕೊಡುವ ದಿನ ಜಾರಿಯಲ್ಲಿರುವ ಬೆಲೆ ಅನ್ವಯಿಸುತ್ತದೆ, ತೆರಿಗೆ ಮತ್ತು ಸಾಗಣೆ ಬೇರೆ, ಎಂದಷ್ಟೇ ಇದೆ. ಜೊತೆಗೆ ಇನ್ನೆರಡು ಮಾತುಗಳಿವೆ: ಬೇಡವೆಂದರೆ ಅರ್ಜಿ ಕೊಟ್ಟು ಠೇವಣಿ ವಾಪಸ್ ಪಡೆಯಬಹುದು, ಇಟ್ಟಷ್ಟು ಕಾಲಕ್ಕೆ ಬಡ್ಡಿ ಕೊಡಲಾಗುವುದು. ಬಡ್ಡಿ ಬ್ಯಾಂಕಿನದಕ್ಕಿಂತ ಕಡಿಮೆ. ಆದರೂ ಈ ದುಡ್ಡು ಕೊಂಡವನದು, ತಾವು ಬರೀ ಇಟ್ಟುಕೊಂಡಿದ್ದೇವೆ ಎಂದು ಕಂಪನಿ ಕಾಗದದ ಮೇಲೆ ಒಪ್ಪಿಕೊಂಡಿತ್ತು.

ಆ ಕಾಲದಲ್ಲಿ ಬೆಲೆ ಮೊದಲೇ ಗೊತ್ತಾಗದಿದ್ದಕ್ಕೆ ಕಾರಣ ಯಾರ ಗುಟ್ಟೂ ಅಲ್ಲ. ಕಾರು ಎಷ್ಟು ಮಾಡಬೇಕೆನ್ನುವುದು ಲೈಸೆನ್ಸಿನ ಮೇಲೆ ನಿಂತಿತ್ತು. ಬೆಲೆಯ ದೊಡ್ಡ ಪಾಲು ಅಬಕಾರಿ ಸುಂಕ. ಅದಕ್ಕೂ ಹಿಂದೆ, 1969ರಿಂದ 1975ರವರೆಗೆ, ಕಾರಿನ ಬೆಲೆಯನ್ನು ಸರ್ಕಾರವೇ ಕಾನೂನಿನ ಮೂಲಕ ನಿಗದಿ ಮಾಡುತ್ತಿತ್ತು. ಅಂಬಾಸಿಡರ್, ಫಿಯೆಟ್, ಸ್ಟ್ಯಾಂಡರ್ಡ್ ಮೂರಕ್ಕೂ ಎಷ್ಟೆಷ್ಟು ಎಂಬ ವಾದ ಸುಪ್ರೀಂ ಕೋರ್ಟಿನ ತನಕ ಹೋಯಿತು. ಆ ನಿಯಂತ್ರಣ ತೆಗೆದ ಮೇಲೂ ಸುಂಕ ಏರಿಳಿಯುವುದು ಬಜೆಟ್ಟಿನ ಕೈಯಲ್ಲೇ ಉಳಿಯಿತು. ಫೆಬ್ರವರಿಯ ಕೊನೆಯ ದಿನ ಸಂಜೆ ಐದಕ್ಕೆ ಬಜೆಟ್ ಭಾಷಣ. ಕಣದಲ್ಲಿ ಕಾಫಿ ಒಣಗುತ್ತಿರುವ ತಿಂಗಳದು. ಅಪ್ಪ ರೇಡಿಯೊ ಹತ್ತಿರ ಕುಳಿತು ಗೊಬ್ಬರದ ಸಬ್ಸಿಡಿಗೆ ಕೊಟ್ಟಷ್ಟೇ ಗಮನವನ್ನು ಮೋಟಾರು ವಾಹನದ ಸುಂಕಕ್ಕೂ ಕೊಡುತ್ತಿದ್ದರು. ಸುಂಕ ಏರಿದರೆ ಅವರ ಕಾರಿನ ಬೆಲೆ ಏರಿತು, ಮುಗಿಯಿತು. ಅದು ಅವರೊಬ್ಬರಿಗಲ್ಲ, ಸರದಿಯಲ್ಲಿದ್ದ ಎಲ್ಲರಿಗೂ ಏರಿತು.

ಮಾರುತಿಯ ಕಥೆಯೂ ಅದೇ ಹೊತ್ತಿನದು. 1983ರಲ್ಲಿ ಹತ್ತು ಸಾವಿರ ರೂಪಾಯಿ ಠೇವಣಿ ಇಟ್ಟು ಬುಕ್ ಮಾಡಿದವರು ಲಕ್ಷಕ್ಕೂ ಮಿಕ್ಕಿದ್ದರು. ಆ ವರ್ಷದ ಡಿಸೆಂಬರ್ 14ರಂದು ಮೊದಲ ಕಾರು ಹೊರಬಂತು, ಬೆಲೆ 47,500 ರೂಪಾಯಿ. ಸಣ್ಣ ಕಾರಾದರೂ ಸರದಿ ಬರಲು ವರ್ಷಗಳು ಹಿಡಿದವು. ಅಷ್ಟರಲ್ಲಿ ಬೇಗ ಬೇಕಾದವರು ಬೇರೆಯವರ ಬುಕಿಂಗನ್ನೇ ಪ್ರೀಮಿಯಂ ಕೊಟ್ಟು ಕೊಂಡರು. ವಿದೇಶಿ ಹಣದಲ್ಲಿ ಕಟ್ಟಿದವರಿಗೆ ಸರದಿಗಿಂತ ಮುಂಚೆ ಸಿಗುವ ಸೌಲಭ್ಯವೂ ಇತ್ತು. ಕರಾವಳಿಯಿಂದ ಗಲ್ಫಿಗೆ ಹೋದವರು ಊರಿನ ತಂದೆತಾಯಿಗೆ ಹೀಗೆ ಗಾಡಿ ಕೊಡಿಸುತ್ತಿದ್ದರು. ಆ ವ್ಯವಸ್ಥೆ ನ್ಯಾಯವಾಗಿತ್ತು ಎಂದು ನಾನು ಹೇಳಲಾರೆ. ದುಡ್ಡು, ಪರಿಚಯ, ಕೋಟಾ ಮೂರೂ ಅದರೊಳಗೆ ಕೆಲಸ ಮಾಡುತ್ತಿದ್ದವು. ಕೊರತೆಯಂತೂ ನಿಜವಾದ ಕೊರತೆ. ಕಾರ್ಖಾನೆಯಲ್ಲಿ ಅಷ್ಟು ಕಾರು ತಯಾರಾಗುತ್ತಲೇ ಇರಲಿಲ್ಲ.

ಅಪ್ಪನಿಗೆ ಡೀಲರ್ ಕಡೆಯಿಂದ ಕಾಗದ ಬಂದದ್ದು ಮುಂದಿನ ವರ್ಷದ ಮಳೆಗಾಲ ಕಳೆದ ಮೇಲೆ. ಕಾರ್ಖಾನೆ ಬೆಲೆ, ಅಬಕಾರಿ ಸುಂಕ, ಸಾಗಣೆ, ಮಾರಾಟ ತೆರಿಗೆ ಎಲ್ಲವನ್ನೂ ಸಾಲುಸಾಲಾಗಿ ಟೈಪ್ ಮಾಡಿ, ಇಂತಿಷ್ಟು ದಿನದೊಳಗೆ ಡಿಡಿ ಕಳಿಸಬೇಕು ಎಂದಿತ್ತು. ಬುಕ್ ಮಾಡುವಾಗ ಡೀಲರ್ ಬಾಯಲ್ಲಿ ಹೇಳಿದ್ದ ಅಂದಾಜಿಗಿಂತ ಮೊತ್ತ ಹೆಚ್ಚಿತ್ತು. ಪೂಲ್ ಕಂತು ಇನ್ನೂ ಬಂದಿರಲಿಲ್ಲ. ಅಪ್ಪ ಹಾಸನದ ಬ್ಯಾಂಕಿನಲ್ಲಿ ಬೆಳೆಯ ಮೇಲೆ ಸಾಲ ತೆಗೆದು ಡಿಡಿ ಮಾಡಿಸಿದರು. ಕಂತು ಬಂದ ಮೇಲೆ ಸಾಲ ತೀರಿತು. ಬಡ್ಡಿ ಮಾತ್ರ ಅವರ ಕೈಯಿಂದ ಹೋಯಿತು. ಮಾರಿದ ಕಾಫಿಯ ಬೆಲೆ ಬೆಂಗಳೂರಿನ ಒಂದು ಕಚೇರಿಯಲ್ಲಿ, ಕೊಂಡ ಕಾರಿನ ಬೆಲೆ ದೆಹಲಿಯ ಇನ್ನೊಂದು ಕಚೇರಿಯಲ್ಲಿ ತೀರ್ಮಾನವಾಗಿ, ನಡುವಿನ ಹೊರೆಯನ್ನು ಅವರು ಹೊತ್ತರು. ಇದನ್ನು ಅವರು ದೂರಿದ್ದು ನಾನು ಕೇಳಿಲ್ಲ. ದೂರಬೇಕಿತ್ತು ಎಂದೇ ನನಗೆ ಅನ್ನಿಸುತ್ತದೆ. ಸುಮ್ಮನಿದ್ದ ಆ ತಲೆಮಾರಿನ ತಾಳ್ಮೆಯನ್ನು ನಾವು ಹೊಗಳುತ್ತೇವೆ. ಎದುರಿಗೆ ಬೇರೆ ದಾರಿ ಇಲ್ಲದವನ ಮೌನವನ್ನು ತಾಳ್ಮೆ ಎಂದು ಕರೆಯುವುದು ಸರಿಯಲ್ಲ.

ಮುಂದಿನ ಹತ್ತು ವರ್ಷಗಳಲ್ಲಿ ಎರಡೂ ಕಡೆ ಗಂಟು ಬಿಚ್ಚಿತು. 1992ರಲ್ಲಿ ಕಾಫಿ ಬೆಳೆಗಾರರಿಗೆ ಬೆಳೆಯ ಒಂದು ಪಾಲನ್ನು ತಾವೇ ಮಾರಿಕೊಳ್ಳಲು ಅವಕಾಶವಾಯಿತು. 1996ರ ಹೊತ್ತಿಗೆ ಪೂಲ್ ಪೂರ್ತಿ ಮುಗಿದಿತ್ತು. ಕಾರು ತಯಾರಿಕೆಗೆ ಲೈಸೆನ್ಸ್ ಬೇಡವಾದದ್ದು 1993ರಲ್ಲಿ. ಆ ವರ್ಷದ ಬಜೆಟ್ಟಿನಲ್ಲೇ ಮನಮೋಹನ್ ಸಿಂಗ್ ಕಾರಿನ ಅಬಕಾರಿ ಸುಂಕವನ್ನು ಶೇ 55ರಿಂದ 40ಕ್ಕೆ ಇಳಿಸಿದರು. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅಲ್ಲಿಯ ಕಾಫಿ ಗಿಡ ಸುಟ್ಟುಹೋಯಿತು, ನಮ್ಮ ಕಡೆ ರೇಟು ಹಿಂದೆ ಕಾಣದಷ್ಟು ಏರಿತು. 1995ರಲ್ಲಿ ಪುಣೆಯಿಂದ ಮರ್ಸಿಡಿಸ್ ಇ-ಕ್ಲಾಸ್ ಹೊರಬಂತು, ದೆಹಲಿ ಬಳಿಯಿಂದ ಡೇವೂ ಸಿಯೆಲೊ ಬಂತು. ಬೆಂಗಳೂರಿನ ರೆಸಿಡೆನ್ಸಿ ರಸ್ತೆಯಲ್ಲಿ, ಕಸ್ತೂರಬಾ ರಸ್ತೆಯಲ್ಲಿ ಗಾಜಿನ ಗೋಡೆಯ ಶೋರೂಂಗಳಾದವು. ಕಾರು ಎದುರಿಗೆ ನಿಂತಿರುತ್ತಿತ್ತು, ಪಕ್ಕದಲ್ಲಿ ಬೆಲೆಯ ಹಲಗೆ. ಚೌಕಾಸಿ ಮಾಡಬಹುದಿತ್ತು. ನನ್ನ ಲೆಕ್ಕದಲ್ಲಿ ಕಾರು ಕೊಳ್ಳುವವರ ಪಾಲಿಗೆ ಒಳ್ಳೆಯ ಕಾಲವೆಂದರೆ ಅದೇ. ಸರಕು ನೋಡಿ, ಬೆಲೆ ಕೇಳಿ, ಬೇಡವಾದರೆ ಎದ್ದು ಬರುವ ಸ್ವಾತಂತ್ರ್ಯ ಇತ್ತು.

ಆ ಸ್ವಾತಂತ್ರ್ಯವನ್ನು ನಾವೇ ಕೈಯಾರೆ ಹಿಂದಿರುಗಿಸುತ್ತಿದ್ದೇವೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ತೋಟ ಈಗ ನೋಡಿಕೊಳ್ಳುವವನು ನನ್ನ ತಮ್ಮ. 2025ರ ಆರಂಭದಲ್ಲಿ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಅರೇಬಿಕಾ ಒಂದು ಪೌಂಡಿಗೆ ನಾಲ್ಕು ಡಾಲರ್ ದಾಟಿತು. ನಮ್ಮಲ್ಲಿ ಅರೇಬಿಕಾ ಪಾರ್ಚ್‌ಮೆಂಟ್ (ಎ.ಪಿ.) ಮೂಟೆಗೆ 25 ಸಾವಿರ ರೂಪಾಯಿ ಮೀರಿತು. ಬೆಳೆಗಾರರ ಕೈಯಲ್ಲಿ ಬಹಳ ವರ್ಷಗಳ ಮೇಲೆ ದುಡ್ಡು ನಿಂತಿತು. ಆ ಮಳೆಗಾಲದಲ್ಲಿ ಅವನು ಫೋನ್ ಮಾಡಿದ. ಯುರೋಪಿನ ಕಂಪನಿಯೊಂದರ ದೊಡ್ಡ ಎಲೆಕ್ಟ್ರಿಕ್ ಎಸ್‌ಯುವಿ ಭಾರತಕ್ಕೆ ಬರುತ್ತಿದೆ, ಬುಕಿಂಗ್ ತೆರೆದಿದ್ದಾರೆ.

‘ರೇಟೆಷ್ಟು?’

‘ರೇಟು ಆಮೇಲೆ ಹೇಳ್ತಾರಂತೆ ಅಕ್ಕ. ಮೊದಲನೇ ಲಾಟಿನಲ್ಲಿ ಬೇಕು ಅಂದ್ರೆ ಈಗಲೇ ಕಟ್ಬೇಕಂತೆ. ಇಲ್ಲಾಂದ್ರೆ ಮುಂದಿನ ವರ್ಷವೇ ಅಂತೆ.’

‘ಕಟ್ಟಿಬಿಟ್ಟೆಯಾ?’

‘ಹ್ಞೂಂ. ನಿನ್ನೆ ರಾತ್ರಿ ಫೋನಿನಲ್ಲೇ ಕಟ್ಟಿದೆ.’

ಅವನು ಕಾಫಿ ಮಾರುವುದನ್ನು ನಾನು ನೋಡಿದ್ದೇನೆ. ಬೆಳಿಗ್ಗೆ ವಾಟ್ಸ್ಆ್ಯಪ್‌ನಲ್ಲಿ ಎ.ಪಿ., ಎ.ಸಿ., ಆರ್.ಪಿ., ಆರ್.ಸಿ., ಅಂದರೆ ಅರೇಬಿಕಾ, ರೋಬಸ್ಟಾ ಎರಡರ ಪಾರ್ಚ್‌ಮೆಂಟ್ ಮತ್ತು ಚೆರ್ರಿ, ನಾಲ್ಕರ ರೇಟೂ ಬಂದಿರುತ್ತದೆ. ಎರಡು ಮೂರು ಕಡೆ ವಿಚಾರಿಸುತ್ತಾನೆ. ಚೆರ್ರಿಯಾದರೆ ಔಟ್‌ಟರ್ನ್ ತನ್ನ ಕಣ್ಣೆದುರೇ ನೋಡಬೇಕು: ಐವತ್ತು ಕಿಲೋ ಮೂಟೆಗೆ ಎಷ್ಟು ಕಿಲೋ ಬೀಜ ಸಿಗುತ್ತದೆ ಎನ್ನುವುದರ ಮೇಲೆ ದುಡ್ಡು. ತೇವಾಂಶದ ಮೀಟರನ್ನು ತಾನೇ ಹಿಡಿಯುತ್ತಾನೆ. ರೇಟು ಬರೆದುಕೊಡದೆ ಒಂದು ಮೂಟೆಯೂ ಗೋಡೌನ್ ದಾಟುವುದಿಲ್ಲ. ಅಪ್ಪನ ಕಾಲದ ಪೂಲ್ ವಿಷಯ ಎತ್ತಿದರೆ ಅವನಿಗೆ ಸಿಟ್ಟು ಬರುತ್ತದೆ, ಬೆಲೆ ಹೇಳದೆ ಬೆಳೆ ತೆಗೆದುಕೊಂಡು ಹೋಗುತ್ತಿದ್ದರಲ್ಲ ಎಂದು. ಮಾರುವಾಗ ಇಷ್ಟು ಬಿಗಿಯಾಗಿರುವ ಮನುಷ್ಯ ಕೊಳ್ಳುವಾಗ ಲಕ್ಷಗಳ ಮುಂಗಡವನ್ನು ಅಂಕಿಯೇ ಇಲ್ಲದ ಕಾಗದಕ್ಕೆ ಕಟ್ಟಿದ.

ನಾನು ಷರತ್ತುಗಳ ಪಟ್ಟಿ ತರಿಸಿ ಓದಿದೆ. ಡೆಲಿವರಿ ದಿನದ ಬೆಲೆ ಅನ್ವಯ ಎಂಬ ಹಳೆಯ ಸಾಲು ಹಾಗೆಯೇ ಇತ್ತು. ಬಡ್ಡಿಯ ಮಾತು ಎಲ್ಲೂ ಇರಲಿಲ್ಲ. ವಾಪಸಾತಿ ಇತ್ತು, ಆದರೆ ಎಷ್ಟು ದಿನದೊಳಗೆ ಎಂದು ಇರಲಿಲ್ಲ. ಯಾವ ವೇರಿಯಂಟ್ ಸಿಗುತ್ತದೆ ಎನ್ನುವುದು ‘ಲಭ್ಯತೆಗೆ ಒಳಪಟ್ಟು’. ಕಾಗದ ಮಾತ್ರ ನುಣುಪಾಗಿದೆ. ಕೊಂಡವನ ಹಕ್ಕಿನ ಮಟ್ಟಿಗೆ ಅದು ಅಪ್ಪನ ಕಾರ್ಬನ್ ಪ್ರತಿಗಿಂತ ಹಿಂದಿದೆ.

ಕಂಪನಿಗಳು ಬೆಲೆಯನ್ನು ತಡೆಹಿಡಿಯಲು ಕಾರಣಗಳಿವೆ, ಎಲ್ಲವೂ ಸುಳ್ಳಲ್ಲ. ಪೂರ್ತಿ ತಯಾರಾದ ಕಾರನ್ನು ಹಡಗಿನಲ್ಲಿ ತಂದರೆ ಆಮದು ಸುಂಕ ಕಾರಿನ ಮೌಲ್ಯದಷ್ಟೇ ಆಗಿಬಿಡಬಹುದು. ಬಿಡಿಭಾಗವಾಗಿ ತಂದು ಇಲ್ಲಿ ಜೋಡಿಸಿದರೆ ಅದರ ಸಣ್ಣ ಪಾಲು ಸಾಕು. ಮರ್ಸಿಡಿಸ್‌ಗೆ ಪುಣೆ ಬಳಿ ಚಾಕಣ, ಬಿಎಂಡಬ್ಲ್ಯುಗೆ ಚೆನ್ನೈ, ವೋಲ್ವೊ ಕಾರುಗಳಿಗೆ ನಮ್ಮ ಹೊಸಕೋಟೆ, ಲೆಕ್ಸಸ್‌ಗೆ ಬಿಡದಿ, ಹೀಗೆ ಜೋಡಣೆಯ ಜಾಗಗಳಿರುವುದು ಅದಕ್ಕೇ. ಆಮದು ಕಾರುಗಳಿಗೆ 2018ರ ನಿಯಮದಂತೆ ಒಂದು ಕಂಪನಿಗೆ ವರ್ಷಕ್ಕೆ 2,500ರವರೆಗೆ ಇಲ್ಲಿಯ ಪ್ರಮಾಣೀಕರಣದ ಪರೀಕ್ಷೆಯಿಂದ ವಿನಾಯಿತಿ ಇದೆ. ಯೂರೊ ಬೆಲೆ ದಿನವೂ ಆಡುತ್ತಿರುತ್ತದೆ. ಇಷ್ಟರ ಮೇಲೆ ಇನ್ನೊಂದು ಕಾರಣವಿದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬುಕಿಂಗ್ ತೆರೆದ ಮೇಲೆ ಎಷ್ಟು ಜನ ಬಂದರು, ಯಾವ ಊರಿನವರು, ಯಾವ ಬಣ್ಣ ಕೇಳಿದರು, ಮೇಲಿನ ವೇರಿಯಂಟ್ ಎಷ್ಟು ಜನಕ್ಕೆ ಬೇಕು, ಎಲ್ಲವೂ ಕಂಪನಿಯ ಮೇಜಿನ ಮೇಲಿರುತ್ತದೆ. ಬೆಲೆ ಬರೆಯುವವನಿಗೆ ಕೊಳ್ಳುವವನ ಆಸೆಯ ಆಳ ಮೊದಲೇ ತಿಳಿದಿರುತ್ತದೆ. ಇಸ್ಪೀಟಿನಲ್ಲಿ ಒಬ್ಬ ತನ್ನ ಎಲೆಗಳನ್ನು ಮಗುಚಿ ತೋರಿಸಿ ಆಟಕ್ಕೆ ಕುಳಿತ ಹಾಗೆ. ಅಪ್ಪನ ಕಾಲದಲ್ಲಿ ಬೆಲೆ ಮಾರುವವನಿಗೂ ಗೊತ್ತಿರಲಿಲ್ಲ, ಕೊಳ್ಳುವವನಿಗೂ ಗೊತ್ತಿರಲಿಲ್ಲ. ಈಗ ಗೊತ್ತಿಲ್ಲದವನು ಕೊಳ್ಳುವವನೊಬ್ಬನೇ.

ಟೆಸ್ಲಾ ಕಥೆ ಬೆಂಗಳೂರಿನವರಿಗೆ ನೆನಪಿರಬೇಕು. 2016ರ ಮಾರ್ಚ್ ಕೊನೆಯಲ್ಲಿ ಮಾಡೆಲ್ 3 ಅನಾವರಣವಾದಾಗ ಭಾರತದಿಂದಲೂ ಸಾವಿರ ಡಾಲರ್ ಕಟ್ಟಿ ಬುಕ್ ಮಾಡಬಹುದು ಎಂದರು. ಅಮೆರಿಕದ ಬೆಲೆ 35,000 ಡಾಲರಿನಿಂದ ಎಂದು ಗೊತ್ತಿತ್ತು, ಇಲ್ಲಿಯದು ಗೊತ್ತಿರಲಿಲ್ಲ. ಬೆಂಗಳೂರಿನ ಸಾಫ್ಟ್‌ವೇರ್ ಉದ್ಯಮಿಗಳು, ಎಂಜಿನಿಯರುಗಳು ಕಟ್ಟಿದರು. 2021ರ ಜನವರಿಯಲ್ಲಿ ಆ ಕಂಪನಿಯ ಭಾರತದ ಶಾಖೆ ಬೆಂಗಳೂರಿನಲ್ಲೇ, ಲ್ಯಾವೆಲ್ಲೆ ರಸ್ತೆಯ ವಿಳಾಸದಲ್ಲಿ ನೋಂದಣಿಯಾಯಿತು. ಇನ್ನೇನು ಬಂದೇಬಿಟ್ಟಿತು ಎಂದು ಪತ್ರಿಕೆಗಳು ಬರೆದವು. ಕಡೆಗೆ ಮೊದಲ ಶೋರೂಂ ಆದದ್ದು ಮುಂಬೈಯಲ್ಲಿ, 2025ರ ಜುಲೈನಲ್ಲಿ. ಮಾರಾಟಕ್ಕೆ ಬಂದದ್ದು ಮಾಡೆಲ್ 3 ಅಲ್ಲ, ಮಾಡೆಲ್ ವೈ. ಬೆಲೆ 59.89 ಲಕ್ಷದಿಂದ. ಹಳೆಯ ಬುಕಿಂಗಿನ ಹಣವನ್ನು ಕಂಪನಿ ಆ ವರ್ಷ ವಾಪಸ್ ಕೊಡತೊಡಗಿತು. ಒಂಬತ್ತು ವರ್ಷದ ಮೇಲೆ, ಬೆಲೆಯನ್ನೇ ಕೇಳದ ಕಾರಿನ ಮುಂಗಡ.

ಕೋಟಿಯ ಹತ್ತಿರದ ಕಾರು ಕೊಳ್ಳುವವರ ಬಗ್ಗೆ ಇಷ್ಟು ಚಿಂತೆ ಏಕೆ ಎಂದು ನನ್ನ ಸ್ನೇಹಿತೆಯೊಬ್ಬಳು ಕೇಳಿದಳು. ಪ್ರಶ್ನೆ ಸರಿಯಾದದ್ದೇ. ಆದರೆ ಮೇಲೆ ಒಗ್ಗಿದ ಪದ್ಧತಿ ಮೇಲೆಯೇ ಉಳಿಯುವುದಿಲ್ಲ. 2021ರ ಜುಲೈನಲ್ಲಿ ಬೆಂಗಳೂರಿನ ಓಲಾ ಎಲೆಕ್ಟ್ರಿಕ್ 499 ರೂಪಾಯಿಗೆ ಸ್ಕೂಟರ್ ಬುಕಿಂಗ್ ತೆರೆದಾಗ ಒಂದೇ ದಿನದಲ್ಲಿ ಲಕ್ಷ ಜನ ಕಟ್ಟಿದರು. ಬೆಲೆ ತಿಳಿದದ್ದು ಆಗಸ್ಟ್ 15ಕ್ಕೆ. ಸ್ಕೂಟರ್ ಕೊಳ್ಳುವವನಿಗೆ ಒಂದು ಲಕ್ಷ ಎಂದರೆ ವರ್ಷದ ಉಳಿತಾಯ. ಬೆಲೆ ಕೇಳದೆ ಹೆಸರು ಬರೆಸುವುದು ಅವನಿಗೂ ಸಹಜವಾಗಿಬಿಟ್ಟರೆ ನಷ್ಟವಾಗುವುದು ಅವನಿಗೇ.

ಇನ್ನು ಬೆಲೆ ಘೋಷಣೆಯಾದರೂ ಅದು ಕಟ್ಟಬೇಕಾದ ಬೆಲೆಯಲ್ಲ. ಎಕ್ಸ್-ಶೋರೂಂ ಅಂಕಿಯ ಮೇಲೆ ಜೀವಾವಧಿ ತೆರಿಗೆ ಬರುತ್ತದೆ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಪೆಟ್ರೋಲ್, ಡೀಸೆಲ್ ಕಾರಿಗೆ ಅದು ಶೇ 18. ಅದರ ಮೇಲಿನ ಸೆಸ್ ಸೇರಿದರೆ ಶೇ 20ರ ಹತ್ತಿರ. ಎಲೆಕ್ಟ್ರಿಕ್ ಕಾರಿಗೆ ಮೊದಲು ಪೂರ್ತಿ ವಿನಾಯಿತಿ ಇತ್ತು. 2024ರಲ್ಲಿ 25 ಲಕ್ಷ ಮೀರಿದವಕ್ಕೆ ಶೇ 10 ವಿಧಿಸಿದರು. ಸೊನ್ನೆ ತೆರಿಗೆ ಎಂದು ಲೆಕ್ಕ ಹಾಕಿ ಬುಕ್ ಮಾಡಿ, ಡೆಲಿವರಿಗೆ ಕಾದಿದ್ದ ನನ್ನ ಇಬ್ಬರು ಕಕ್ಷಿದಾರರಿಗೆ ನಡುವೆ ಲಕ್ಷಗಳ ವ್ಯತ್ಯಾಸವಾಯಿತು. ಹತ್ತು ಲಕ್ಷ ದಾಟಿದ ವಾಹನಕ್ಕೆ ಶೇ 1ರಷ್ಟು ಟಿಸಿಎಸ್ ಇದೆ. ಅದನ್ನು ಆದಾಯ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು ಅಥವಾ ವಾಪಸ್ ಪಡೆಯಬಹುದು, ರಿಟರ್ನ್ ಸಲ್ಲಿಸಿದರೆ ಮಾತ್ರ. ಕೃಷಿ ಆದಾಯ ಬಿಟ್ಟು ಬೇರೇನೂ ಇಲ್ಲದ ಬೆಳೆಗಾರರು ಎಷ್ಟೋ ಜನ ಇದನ್ನು ಕೇಳುವುದೇ ಇಲ್ಲ. ಕೆಲವೊಮ್ಮೆ ಗಾಳಿ ಕೊಂಡವನ ಕಡೆಗೂ ಬೀಸುತ್ತದೆ: 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳ ಜಿಎಸ್‌ಟಿಯೂ ಸೆಸ್ಸೂ ಸೇರಿ ಶೇ 50ರವರೆಗೆ ಇದ್ದದ್ದು ಶೇ 40 ಆಯಿತು. ಅದಕ್ಕೆ ಮೊದಲು ಬುಕ್ ಮಾಡಿ ಕಾಯುತ್ತಿದ್ದವರಿಗೆ ಡೆಲಿವರಿ ದಿನದ ಬೆಲೆ ಎಂಬ ಅದೇ ಸಾಲಿನಿಂದ ಲಾಭವಾಯಿತು. ತಮ್ಮನಿಗೆ ಅದರಿಂದ ಏನೂ ಇಲ್ಲ. ಎಲೆಕ್ಟ್ರಿಕ್ ಕಾರಿನ ಜಿಎಸ್‌ಟಿ ಮೊದಲೂ ಶೇ 5, ಈಗಲೂ ಶೇ 5.

ಬೆಲೆ ಬರೆಯದ ಒಪ್ಪಂದ ಕಾನೂನಿಗೆ ಹೊಸದಲ್ಲ. 1930ರ ಸರಕು ಮಾರಾಟ ಕಾಯ್ದೆಯ 9ನೇ ಕಲಂ ಪ್ರಕಾರ ಬೆಲೆಯನ್ನು ಒಪ್ಪಿದ ರೀತಿಯಲ್ಲಿ ಮುಂದೆ ನಿರ್ಧರಿಸಲು ಬಿಡಬಹುದು. ಹಾಗೆ ಏನೂ ಇಲ್ಲದಿದ್ದರೆ ಕೊಂಡವನು ಕೊಡಬೇಕಾದ್ದು ಸಮಂಜಸವಾದ ಬೆಲೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನ್ಯಾಯದ ಒಪ್ಪಂದ ಯಾವುದು ಎಂದು ವಿವರಿಸುತ್ತದೆ, ವಿಪರೀತ ಠೇವಣಿ ಕೇಳುವುದೂ ಅದರಲ್ಲಿ ಸೇರಿದೆ. ಅಪ್ಪನಿಗೆ ಇದರ ಆಸರೆ ಇರಲಿಲ್ಲ. ಮೊದಲ ಗ್ರಾಹಕ ಕಾಯ್ದೆ ಬಂದದ್ದೇ 1986ರಲ್ಲಿ. ಆದರೆ ದೂರು ಕೊಡುವ ಹಂತಕ್ಕೆ ಹೋಗುವ ಮೊದಲೇ ಕೇಳಬೇಕಾದ ನಾಲ್ಕು ಮಾತುಗಳನ್ನು ನಾವು ಕೇಳುತ್ತಿಲ್ಲ. ಮುಂಗಡ ಎಷ್ಟು ದಿನದಲ್ಲಿ ವಾಪಸ್? ಬೆಲೆ ಘೋಷಣೆಯಾದ ಮೇಲೆ ಬೇಡವೆನ್ನಲು ಎಷ್ಟು ಕಾಲ? ಘೋಷಿಸಿದ ಬೆಲೆ ನನ್ನ ಡೆಲಿವರಿಯವರೆಗೆ ನಿಲ್ಲುತ್ತದೆಯೇ? ಕೇಳಿದ ವೇರಿಯಂಟ್ ಸಿಗದಿದ್ದರೆ ಏನು? ಶೋರೂಮಿನ ಹುಡುಗರು ಇದಕ್ಕೆಲ್ಲ ‘ಏನೂ ತೊಂದರೆ ಇಲ್ಲ ಸರ್’ ಎನ್ನುತ್ತಾರೆ. ಅವರು ಒಳ್ಳೆಯವರೇ ಇರಬಹುದು, ಆದರೆ ಆ ಮಾತಿಗೆ ಕಾಗದದ ಬಲವಿಲ್ಲ.

ತಮ್ಮನ ಕಾರಿನ ಬೆಲೆ ಘೋಷಣೆಯಾದದ್ದು ದೀಪಾವಳಿಯ ನಂತರ. ಅವನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಕ್ಕಿಂತ ಹೆಚ್ಚಿತ್ತು. ಮೊದಲ ಲಾಟಿನಲ್ಲಿ ಬರುತ್ತಿದ್ದದ್ದು ಎಲ್ಲಕ್ಕಿಂತ ಮೇಲಿನ ವೇರಿಯಂಟ್ ಒಂದೇ. ಅವಸರಪಟ್ಟು ಬುಕ್ ಮಾಡಿದ್ದರಿಂದ ಸಿಗಬೇಕಿದ್ದ ಲಾಭ ಅಲ್ಲಿಗೆ ಮುಗಿಯಿತು. ಅವನಿಗೆ ಕಾರು ಇಷ್ಟ, ಅದನ್ನು ನಾನು ತಡೆಯಲಿಲ್ಲ. ದುಡಿದ ದುಡ್ಡಿನಲ್ಲಿ ಒಳ್ಳೆಯ ಗಾಡಿ ಇಟ್ಟುಕೊಳ್ಳಬೇಕೆನ್ನುವುದು ತಪ್ಪಲ್ಲ, ಶಿರಾಡಿ ಘಾಟಿಯಲ್ಲಿ ವಾರಕ್ಕೆರಡು ಸಲ ಓಡಾಡುವವನಿಗಂತೂ ಅಲ್ಲ. ಕೆಳಗಿನ ವೇರಿಯಂಟ್ ಬರುವ ಎರಡನೇ ಲಾಟಿಗೆ ಬುಕಿಂಗ್ ಬದಲಾಯಿಸಿ, ಘೋಷಿಸಿದ ಬೆಲೆಯೇ ಡೆಲಿವರಿಯವರೆಗೂ ಇರಬೇಕು ಎಂದು ಬರೆದು ಕಳಿಸಿದೆವು. ಐಷಾರಾಮಿ ಕಾರಿನ ಕಂಪನಿಗಳು ಜನವರಿ ಬಂತೆಂದರೆ ಬೆಲೆ ಏರಿಸುವುದು ರೂಢಿ. ಆದ್ದರಿಂದ ಆ ಏರಿಕೆ ಇವನಿಗೆ ಅನ್ವಯಿಸುವುದಿಲ್ಲ ಎಂಬ ಸಾಲನ್ನೂ ಸೇರಿಸಿದೆ. ಮೊದಲು ಫೋನಿನಲ್ಲಿ ಆಗಲಿ ಎಂದರು, ಬರಹದಲ್ಲಿ ಕೇಳಿದಾಗ ಮುಖ್ಯ ಕಚೇರಿಗೆ ಕಳಿಸಿದ್ದೇವೆ ಎಂದರು. ಮತ್ತೆ ಮತ್ತೆ ಬರೆದ ಮೇಲೆ ಡಿಸೆಂಬರಿನಲ್ಲಿ ಉತ್ತರ ಬಂತು: ಬೆಲೆ ಮಾರ್ಚ್ ಕೊನೆಯವರೆಗೆ ಬದಲಾಗುವುದಿಲ್ಲ, ಅಷ್ಟರೊಳಗೆ ಕಾರು ಕೊಡಲಾಗದಿದ್ದರೆ ಮುಂಗಡ ಹದಿನೈದು ದಿನದಲ್ಲಿ ಪೂರ್ತಿ ವಾಪಸ್. ಬಡ್ಡಿಗೆ ಒಪ್ಪಲಿಲ್ಲ. ತಮ್ಮ ಒಪ್ಪಿದ. ಕೊಯ್ಲು ಆಗ ನಡೆಯುತ್ತಿತ್ತು. ಮಾರ್ಚಿಗೆ ಬೇಕಾದ ಹಣಕ್ಕೆ ಎಷ್ಟು ಮೂಟೆ ಕೊಡಬೇಕೆಂದು ಲೆಕ್ಕ ಹಾಕಿ, ಅಷ್ಟನ್ನು ಅಂದಿನ ರೇಟಿಗೆ ಮಾರಿ ಬೇರೆ ಖಾತೆಯಲ್ಲಿ ಇಟ್ಟಿದ್ದಾನೆ.